ಗೋಪುರದ ಹಾಡು

ಕಸೂತಿಯ ಗೋಪುರವನ್ನು ನೀವೆಲ್ಲ ನೋಡಿರುತ್ತೀರಿ ಮಕ್ಕಳೇ. ನಾನು ಅದನ್ನು ಕೇಳಿದೆ!

ರಜೆಗೆ ಇಳಕಲ್ಲಿಗೆ ಬಂದ ನಾಲ್ಕನೇ ತರಗತಿಯ ಮೊಮ್ಮಗಳು ಫೋನಿನಲ್ಲಿ ‘ಸಾಂಗ್ ಮೇಕರ್’ ತೆರೆದಳು. ಗೂಗಲ್‌ನವರು 2018ರಲ್ಲಿ ಹೊರತಂದದ್ದು. ದುಡ್ಡಿಲ್ಲ, ಹೆಸರು ನೋಂದಣಿಯೂ ಬೇಡ. ಪರದೆಯ ತುಂಬ ಚೌಕಗಳು. ಲೆಜರ್ ಬರೆದು ಕಣ್ಣು ಸವೆಸಿದ ನನಗೆ ಚೌಕಗಳ ಭಯವಿಲ್ಲ ಬಿಡಿ. ಮೇಲೇರಿದಷ್ಟೂ ಸ್ವರ ಏರುತ್ತದೆ, ಎಡದಿಂದ ಬಲಕ್ಕೆ ಕಾಲ ಸರಿಯುತ್ತದೆ. ಮುಟ್ಟಿದ ಚೌಕ ಬಣ್ಣ ತಳೆದು ನುಡಿಯುತ್ತದೆ. ‘ಪೆಂಟಾಟಾನಿಕ್’ ಎಂದು ಆರಿಸಿದರೆ ಐದೇ ಸ್ವರ: ಸ, ರಿ, ಗ, ಪ, ದ. ನಮ್ಮ ಕಡೆಯ ಭೂಪಾಲಿ, ಮೈಸೂರು ಕಡೆಯ ಮೋಹನ.

ಅಜ್ಜಿಯ ಇಳಕಲ್ ಸೀರೆಯ ಗೋಪುರದ ಅಂಚನ್ನು ಅವಳು ಎಳೆ ಎಣಿಸಿ ಚೌಕಕ್ಕಿಳಿಸಿದಳು. ಮೆಟ್ಟಿಲು ಮೆಟ್ಟಿಲಾಗಿ ಏರಿತು, ಇಳಿಯಿತು, ಹಾಡಾಯಿತು! ಆನೆ ಮಾತ್ರ ಬರೀ ಗದ್ದಲ.

ಆಮೇಲೆ ಅಜ್ಜಿಯ ಬೀಸುವ ಪದವನ್ನು ಕೂರಿಸಹೋದಳು. ಆಗಲಿಲ್ಲ. ಸ್ವರದಿಂದ ಸ್ವರಕ್ಕೆ ಜಾರುವ ಆ ದನಿ ಎರಡು ಚೌಕಗಳ ನಡುವೆ ಇತ್ತು. ಅಲ್ಲಿ ಒತ್ತಲು ಜಾಗವಿಲ್ಲ.

“ಅಜ್ಜಿ, ಇನ್ನೊಮ್ಮೆ ಹಾಡು” ಎಂದು ಫೋನು ಕೆಳಗಿಟ್ಟಳು. ಬೀಸುಕಲ್ಲು ಮೂಲೆ ಸೇರಿ ಮೂವತ್ತು ವರ್ಷ. ಎರಡನೇ ನುಡಿ ಅಜ್ಜಿಗೆ ಮರೆತಿತ್ತು. ಕೆಳಗಿಟ್ಟ ಫೋನನ್ನೇ ಎತ್ತಿಕೊಂಡು ಹುನಗುಂದದ ತಂಗಿಗೆ ಹಚ್ಚಿದಳು.