ಹರಳು ಬೀಜವೂ ಯುದ್ಧವಿಷದ ಪಟ್ಟಿಯೂ

ಕಡಲೆಕಾಯಿ ಹೊಲದ ಅಂಚಿಗೆ, ರಾಗಿಯ ಅಕ್ಕಡಿ ಸಾಲಿಗೆ ನಾಲ್ಕು ಹರಳು ಹಾಕುವುದು ನಮ್ಮ ಶಿರಾ-ಹಿರಿಯೂರು ಕಡೆ ಹಳೆಯ ರೂಢಿ. ಮಳೆ ಕೈಕೊಟ್ಟ ವರ್ಷವೂ ಹರಳು ಪೂರ್ತಿ ಕೈಬಿಡುವುದಿಲ್ಲ. ಎಣ್ಣೆ ತಲೆಗೆ, ದೀಪಕ್ಕೆ, ಗಾಡಿ ಕೀಲಿಗೆ. ಹಿಂಡಿ ಹೊಲಕ್ಕೆ. ಉಳಿದ ಬೀಜ ಮಂಡಿಗೆ.

ಇದೇ ಬೀಜದೊಳಗಿನ ವಿಷದ ಹೆಸರು ಜಗತ್ತಿನ ದೇಶಗಳೆಲ್ಲ ಸೇರಿ ಮಾಡಿದ ಯುದ್ಧವಿಷಗಳ ಪಟ್ಟಿಯಲ್ಲಿದೆ. ಅದೂ ಮೊದಲನೇ ಪಟ್ಟಿಯಲ್ಲಿ, ಸಾರಿನ್ ಅನ್ನುವ ನರವಿಷದ ಜೊತೆಗೆ. ಹಾಗಾದರೆ ನಾವು ಬೆಳೆಯುತ್ತಿರುವುದು ಎಣ್ಣೆಕಾಳೋ, ಆಯುಧವೋ?

ಕೇಳಿದರೆ ನಗು ಬರಬಹುದು. ಆದರೆ ಈ ಪ್ರಶ್ನೆಗೆ ವಿಜ್ಞಾನಿಗಳ ಒಂದು ಮಂಡಳಿ ಕೂತು ಉತ್ತರ ಹೇಳಬೇಕಾಯಿತು. ಉತ್ತರ ಬೇರೆ ಥರ ಬಂದಿದ್ದರೆ ನಮ್ಮ ಹರಳು ಕೊಳ್ಳುವ ಗಿರಣಿಗಳ ಗತಿಯೇ ಬೇರೆಯಾಗುತ್ತಿತ್ತು. ನಾನು ಓದಿದ್ದು ಏಳನೇ ಕ್ಲಾಸು. ಇಂಗ್ಲಿಷ್ ಬಲ್ಲವರಿಂದ ಓದಿಸಿ, ತಿಳಿಯದ್ದನ್ನು ಎರಡೆರಡು ಸಲ ಕೇಳಿ ಗೊತ್ತುಮಾಡಿಕೊಂಡದ್ದನ್ನು ನಮ್ಮ ಮಾತಿನಲ್ಲೇ ಬರೆದಿದ್ದೇನೆ.

ಬೀಜದೊಳಗೆ ಏನಿದೆ?

ಹರಳು ಬೀಜವನ್ನು ಅಂಗೈಯಲ್ಲಿಟ್ಟು ನೋಡಿ. ರಕ್ತ ಕುಡಿದು ಊದಿದ ಉಣ್ಣೆಯ ಹಾಗೇ ಕಾಣುತ್ತೆ. ಲ್ಯಾಟಿನ್ ಭಾಷೆಯಲ್ಲಿ ಉಣ್ಣೆಗೆ ‘ರಿಸಿನಸ್’ ಅನ್ನುತ್ತಾರೆ. ಗಿಡದ ಶಾಸ್ತ್ರೀಯ ಹೆಸರು ಬಂದದ್ದು ಅಲ್ಲಿಂದ. ವಿಷದ ಹೆಸರು ‘ರಿಸಿನ್’. 1888ರಲ್ಲಿ ಈಗಿನ ಎಸ್ತೋನಿಯಾ ದೇಶದ ಟಾರ್ಟು ಊರಿನಲ್ಲಿ ಸ್ಟಿಲ್‌ಮಾರ್ಕ್ ಎಂಬವರು ಇದನ್ನು ಬೇರ್ಪಡಿಸಿ ಹೆಸರಿಟ್ಟರು.

ಬೀಜದ ತೂಕದಲ್ಲಿ ಸುಮಾರು ಅರ್ಧ ಎಣ್ಣೆ. ರಿಸಿನ್ ಇರುವುದು ಉಳಿದರ್ಧದಲ್ಲಿ. ನೂರಕ್ಕೆ 1ರಿಂದ 5 ಪಾಲು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಅದು ನೀರಿನಲ್ಲಿ ಕರಗುತ್ತೆ, ಎಣ್ಣೆಯಲ್ಲಿ ಕರಗುವುದಿಲ್ಲ. ಅದಕ್ಕೇ ಶುದ್ಧ ಹರಳೆಣ್ಣೆ ವಿಷವಲ್ಲ, ಹಿಂಡಿ ವಿಷ.

ರಿಸಿನ್ ಅಂದರೆ ಮೊಟ್ಟೆಯ ಬಿಳಿಯ ಹಾಗೆ ಒಂದು ಪ್ರೋಟೀನು. ಅದರಲ್ಲಿ ಎರಡು ತುಂಡು. ನೊಗಕ್ಕೆ ಕಟ್ಟಿದ ಜೋಡಿ ಎತ್ತು ಅಂದುಕೊಳ್ಳಿ. ಒಂದು ತುಂಡು ನಮ್ಮ ಮೈಯ ಜೀವಕೋಶಕ್ಕೆ ಅಂಟಿಕೊಂಡು ದಾರಿ ಮಾಡುತ್ತೆ. ಇನ್ನೊಂದು ಒಳಗೆ ನುಗ್ಗಿ, ಕೋಶ ತನಗೆ ಬೇಕಾದ ಪ್ರೋಟೀನು ಮಾಡಿಕೊಳ್ಳುವ ಕೆಲಸವನ್ನೇ ನಿಲ್ಲಿಸುತ್ತೆ. ಕೋಶ ಸಾಯುತ್ತೆ. ಇವೆರಡನ್ನೂ ಹಿಡಿದಿಟ್ಟ ನೊಗ ಗಂಧಕದ ಒಂದು ಕೊಂಡಿ. ನೊಗ ಮುರಿದರೆ ಜೋಡಿ ಉಳುವುದಿಲ್ಲ. ಹಾಗೆಯೇ ಬಿಸಿಗೆ ಚೆನ್ನಾಗಿ ಬೆಂದರೂ ಕೆಲಸ ಕೆಟ್ಟಿತು. ಬೆಂದ ಮೊಟ್ಟೆ ತಿರುಗಿ ಹಸಿ ಮೊಟ್ಟೆ ಆಗುವುದಿಲ್ಲವಲ್ಲ, ಹಾಗೆ. ಈ ನೊಗದ ಮಾತು ನೆನಪಿರಲಿ, ಮುಂದೆ ಬೇಕಾಗುತ್ತೆ.

ಪಟ್ಟಿ ಯಾರದು?

ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕ, ಬ್ರಿಟನ್ ದೇಶಗಳು ರಿಸಿನ್ನನ್ನು ಆಯುಧ ಮಾಡಲು ಪ್ರಯೋಗ ನಡೆಸಿದ್ದವು. 1978ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ವಾಟರ್ಲೂ ಸೇತುವೆ ಹತ್ತಿರ ಬಲ್ಗೇರಿಯಾದ ಬರಹಗಾರ ಗಿಯೋರ್ಗಿ ಮಾರ್ಕೋವ್ ಅವರ ತೊಡೆಗೆ ಸಾಸಿವೆಗಿಂತ ದೊಡ್ಡದಲ್ಲದ ಒಂದು ಲೋಹದ ಗುಂಡು ಹೊಕ್ಕಿತು. ನಾಲ್ಕು ದಿನಕ್ಕೆ ತೀರಿಕೊಂಡರು. ಅದರಲ್ಲಿದ್ದದ್ದು ರಿಸಿನ್ ಎಂದೇ ತಜ್ಞರು ನಂಬಿದ್ದಾರೆ.

ಇಂಥ ವಿಷಗಳನ್ನೆಲ್ಲ ತಡೆಯಲು ಮಾಡಿಕೊಂಡದ್ದು ರಾಸಾಯನಿಕ ಅಸ್ತ್ರಗಳ ನಿಷೇಧ ಒಪ್ಪಂದ. 1993ರ ಜನವರಿಯಲ್ಲಿ ಪ್ಯಾರಿಸ್ಸಿನಲ್ಲಿ ದೇಶಗಳು ಸಹಿ ಹಾಕತೊಡಗಿದವು. 1997ರ ಏಪ್ರಿಲ್ 29ರಿಂದ ಜಾರಿ. ಈಗ 193 ದೇಶಗಳು ಸದಸ್ಯರು. ನಮ್ಮ ದೇಶ 1993ರಲ್ಲೇ ಸಹಿ ಹಾಕಿ 1996ರಲ್ಲಿ ಅನುಮೋದಿಸಿತು. 2000ದಲ್ಲಿ ಅದಕ್ಕಾಗಿ ಕಾನೂನನ್ನೂ ಮಾಡಿತು. ತನ್ನಲ್ಲಿದ್ದ ರಾಸಾಯನಿಕ ಅಸ್ತ್ರಗಳನ್ನು 2009ರ ಹೊತ್ತಿಗೆ ಪೂರ್ತಿ ನಾಶಮಾಡಿತು. ಒಪ್ಪಂದದ ಉಸ್ತುವಾರಿ ನೋಡುವ ಸಂಸ್ಥೆ ಇರುವುದು ನೆದರ್‌ಲ್ಯಾಂಡ್ಸಿನ ಹೇಗ್ ನಗರದಲ್ಲಿ. 2013ರ ನೊಬೆಲ್ ಶಾಂತಿ ಪ್ರಶಸ್ತಿ ಬಂದದ್ದು ಇದಕ್ಕೇ.

ಒಪ್ಪಂದದಲ್ಲಿ ಮೂರು ಪಟ್ಟಿಗಳಿವೆ. ಆಯುಧವಾಗಿ ಬಹಳ ಅಪಾಯ, ಶಾಂತಿ ಕಾಲದ ಉಪಯೋಗ ಬಹಳ ಕಡಿಮೆ, ಅಂಥವು ಒಂದನೇ ಪಟ್ಟಿಗೆ. ಜೀವಿಗಳಿಂದ ಬರುವ ಎರಡು ವಿಷಗಳು ಅದರಲ್ಲಿವೆ. ಒಂದು ರಿಸಿನ್. ಇನ್ನೊಂದು ಸಮುದ್ರದ ಪಾಚಿಯಿಂದ ಚಿಪ್ಪುಜೀವಿಗಳಿಗೆ ಸೇರುವ ಸ್ಯಾಕ್ಸಿಟಾಕ್ಸಿನ್.

ಹತ್ತು ಲಾರಿ ಲೆಕ್ಕ

ಒಂದನೇ ಪಟ್ಟಿಯ ನಿಯಮ ಬಹಳ ಬಿಗಿ. ಸಂಶೋಧನೆ, ವೈದ್ಯಕೀಯ, ಔಷಧಿ, ರಕ್ಷಣೆಯ ಅಭ್ಯಾಸ, ಇಷ್ಟಕ್ಕೆ ಮಾತ್ರ ಇಟ್ಟುಕೊಳ್ಳಬಹುದು. ಪಟ್ಟಿಯ ಎಲ್ಲ ವಿಷ ಸೇರಿ ಒಂದು ದೇಶದಲ್ಲಿ ಯಾವತ್ತೂ 1 ಟನ್ ಮೀರಬಾರದು. ತಯಾರಿಸುವ ಜಾಗವನ್ನು ಬರೆದು ತಿಳಿಸಬೇಕು, ಹೊರಗಿನ ತಪಾಸಣೆಗೆ ಒಡ್ಡಬೇಕು. ಇನ್ನೊಂದು ದೇಶಕ್ಕೆ ಕಳಿಸುವುದಾದರೆ 30 ದಿನ ಮುಂಚೆ ಹೇಳಬೇಕು.

ಈಗ ನಮ್ಮ ಲೆಕ್ಕ ಹಾಕೋಣ. ಬೀಜದಲ್ಲಿ ನೂರಕ್ಕೆ 1 ಪಾಲು ಮಾತ್ರ ರಿಸಿನ್ ಅಂತ ಹಿಡಿದರೂ ಒಂದು ಕ್ವಿಂಟಾಲಿಗೆ 1 ಕಿಲೋ ಆಯಿತು. ಸಾವಿರ ಕ್ವಿಂಟಾಲಿಗೆ 1 ಟನ್. ಸಾವಿರ ಕ್ವಿಂಟಾಲ್ ಅಂದರೆ ಹತ್ತು ಟನ್ನಿನ ಹತ್ತು ಲಾರಿ ಲೋಡು. ಇಡೀ ದೇಶಕ್ಕಿರುವ ಮಿತಿ ಹತ್ತು ಲಾರಿಗೆ ಮುಗಿದುಹೋಗುತ್ತೆ! ಭಾರತ ವರ್ಷಕ್ಕೆ ಬೆಳೆಯುವ ಹರಳು ಹತ್ತು ಲಕ್ಷ ಟನ್ನಿಗೂ ಮೇಲೆ. ಜಗತ್ತಿನಲ್ಲಿ ನಾವೇ ಮೊದಲು. ಅದರಲ್ಲೂ ಹೆಚ್ಚು ಗುಜರಾತಿನದು. ಹರಳು ಅರೆಯುವ ಗಿರಣಿಯೆಲ್ಲ ರಿಸಿನ್ ಕಾರ್ಖಾನೆ ಅಂತ ಎಣಿಸಿದರೆ ಒಂದು ಗಿರಣಿಯೂ ಉಳಿಯುವುದಿಲ್ಲ. ಅಕ್ಷರ ಹಿಡಿದು ಓದುತ್ತಾ ಹೋದರೆ ರಿಸಿನ್ ತಯಾರಿಸುವುದು ಗಿರಣಿಯೂ ಅಲ್ಲ, ಹೊಲದಲ್ಲಿ ನಿಂತ ಗಿಡ. ಕೊನೆಗೆ ನೀವು, ನಾನು.

ವಿಜ್ಞಾನಿಗಳು ಹೇಳಿದ್ದು

ಹೇಗ್ ಸಂಸ್ಥೆಗೆ ಸಲಹೆ ಕೊಡಲು 25 ಜನ ತಜ್ಞರ ವೈಜ್ಞಾನಿಕ ಸಲಹಾ ಮಂಡಳಿ ಇದೆ. ಬೇರೆ ಬೇರೆ ದೇಶದವರು. ಆದರೆ ತಮ್ಮ ದೇಶದ ಪರವಾಗಿ ಮಾತಾಡಲು ಕೂತವರಲ್ಲ. ತಮ್ಮ ತಿಳಿವಳಿಕೆಯ ಮೇಲೆ ಮಾತಾಡಬೇಕಾದವರು. ಸಂಸ್ಥೆಯ ಮುಖ್ಯಸ್ಥರು ಇವರನ್ನು ನೇಮಿಸುತ್ತಾರೆ. ತೀರ್ಮಾನ ಮಾತ್ರ ಇವರ ಕೈಲಿಲ್ಲ. ಇವರು ಹೇಳುತ್ತಾರೆ, ದೇಶಗಳು ನಿರ್ಧರಿಸುತ್ತವೆ.

ಮಂಡಳಿ ಶುರುವಾದ ಮೊದಲ ವರ್ಷಗಳಲ್ಲೇ ಹರಳಿನ ಪ್ರಶ್ನೆ ಮುಂದೆ ಬಂತು. ಅವರು ಹೇಳಿದ್ದರ ಸಾರ ಎರಡು ಮಾತು. ಒಂದು, ಹರಳೆಣ್ಣೆ ಗಿರಣಿಗಳನ್ನು ಒಂದನೇ ಪಟ್ಟಿಯ ತಯಾರಿಕೆಯ ಜಾಗ ಎಂದು ಎಣಿಸಬೇಕಾಗಿಲ್ಲ. ಏಕೆಂದರೆ ಗಿರಣಿ ರಿಸಿನ್ನನ್ನು ಬೇರ್ಪಡಿಸುವುದೇ ಇಲ್ಲ. ದೊಡ್ಡ ಗಿರಣಿಗಳ ಬಿಸಿ, ಹಬೆಗೆ ಅದು ಕೆಡುತ್ತೆ. ಎರಡು, ರಿಸಿನ್ ಅಂದರೆ ಏನು ಅಂತ ಗೆರೆ ಎಳೆದರು. ಎರಡು ತುಂಡೂ ಗಂಧಕದ ಕೊಂಡಿಯಿಂದ ಕೂಡಿಕೊಂಡು ವಿಷದ ಗುಣ ಉಳಿಸಿಕೊಂಡಿದ್ದರೆ ಅದು ರಿಸಿನ್. ಯಾವ ತಳಿಯ ಹರಳಿನಿಂದ ಬಂದರೂ ಅಷ್ಟೆ. ಕೊಂಡಿ ಕಡಿದರೆ, ಇಲ್ಲವೆ ಪ್ರೋಟೀನು ಬೆಂದು ಕೆಟ್ಟರೆ, ಅದು ಪಟ್ಟಿಯ ರಿಸಿನ್ ಅಲ್ಲ. ನಾನು ಹೇಳಿದ ನೊಗದ ಮಾತು ಇದೇ.

ನನಗೆ ಇದರಲ್ಲಿ ಕಂಡ ದೊಡ್ಡ ಸಂಗತಿ ಇದು. ವಿಷವನ್ನು ಪಟ್ಟಿಯಿಂದ ತೆಗೆಯಲಿಲ್ಲ, ಸಡಿಲ ಬಿಡಲೂ ಇಲ್ಲ. ಬೇಲಿ ಎಲ್ಲಿ ಹಾಕಬೇಕು ಅನ್ನುವುದನ್ನು ಮಾತ್ರ ಸರಿಯಾಗಿ ಗುರುತಿಸಿದರು. ಬೇಲಿ ತುಂಬಾ ಹೊರಗೆ ಹಾಕಿದ್ದರೆ ರೈತ ಒಳಗೆ ಸಿಕ್ಕಿಬೀಳುತ್ತಿದ್ದ. ತುಂಬಾ ಒಳಗೆ ಹಾಕಿದ್ದರೆ ಕೊಲೆಗಾರ ಹೊರಗೆ ಉಳಿಯುತ್ತಿದ್ದ.

ಸ್ಯಾಕ್ಸಿಟಾಕ್ಸಿನ್ ವಿಷಯದಲ್ಲೂ ಬೇಲಿ ಸರಿಪಡಿಸಬೇಕಾಯಿತು. ಚಿಪ್ಪುಜೀವಿ ತಿನ್ನಲು ಯೋಗ್ಯವೇ ಅಂತ ಪರೀಕ್ಷಿಸಲು ಪ್ರಯೋಗಾಲಯಗಳಿಗೆ ಚೂರೇ ಚೂರು ಶುದ್ಧ ವಿಷ ಬೇಕು. ಅದಕ್ಕೂ 30 ದಿನದ ನಿಯಮ ಅಡ್ಡ ಬರುತ್ತಿತ್ತು. 1999ರ ಅಕ್ಟೋಬರ್ 31ರಿಂದ ನಿಯಮ ತಿದ್ದಿದರು. ವೈದ್ಯಕೀಯ ಮತ್ತು ಪತ್ತೆಯ ಕೆಲಸಕ್ಕೆ 5 ಮಿಲಿಗ್ರಾಂ ಒಳಗಾದರೆ ಕಳಿಸುವ ಹೊತ್ತಿಗೆ ತಿಳಿಸಿದರೆ ಸಾಕು.

ಮುಖ್ಯವಾದದ್ದು ಉದ್ದೇಶ

ಗಿರಣಿಗೆ ವಿನಾಯಿತಿ ಸಿಕ್ಕಿತು ಅಂದರೆ ಯಾರು ಏನು ಬೇಕಾದರೂ ಮಾಡಬಹುದು ಅಂತಲ್ಲ. ಒಪ್ಪಂದದ ಬುಡದಲ್ಲಿರುವ ತತ್ವ ಉದ್ದೇಶ ನೋಡುವುದು. ಪಟ್ಟಿಯಲ್ಲಿ ಹೆಸರೇ ಇಲ್ಲದ ವಿಷವಾದರೂ ಕೊಲ್ಲುವ ಉದ್ದೇಶಕ್ಕೆ ತಯಾರಿಸಿದರೆ ಅದು ರಾಸಾಯನಿಕ ಅಸ್ತ್ರವೇ. 2018ರಲ್ಲಿ ಜರ್ಮನಿಯ ಕಲೋನ್ ನಗರದಲ್ಲಿ ಒಬ್ಬಾತ 3000ಕ್ಕೂ ಹೆಚ್ಚು ಹರಳು ಬೀಜ ತರಿಸಿಕೊಂಡು ರಿಸಿನ್ ತಯಾರಿಸಿದ್ದಕ್ಕೆ ಸಿಕ್ಕಿಬಿದ್ದ. 2020ರಲ್ಲಿ ಜೈಲುಶಿಕ್ಷೆ ಆಯಿತು. 3000 ಬೀಜ ಅಂದರೆ ನಮಗೆ ಒಂದು ಮಂಕರಿಯೂ ತುಂಬದ ಮಾಲು. ಬೀಜ ಅದೇ. ಕೈ ಬೇರೆ, ಮನಸ್ಸು ಬೇರೆ.

ಜೀವಿಗಳಿಂದ ಬರುವ ಇಂಥ ವಿಷಗಳನ್ನು ಪತ್ತೆ ಮಾಡುವುದು ಹೇಗೆ ಅನ್ನುವುದಕ್ಕೆ ಮಂಡಳಿ 2021ರಲ್ಲಿ ಒಂದು ತಾತ್ಕಾಲಿಕ ತಂಡವನ್ನೇ ಕೂರಿಸಿತು. ತಂಡ 2023ರಲ್ಲಿ ಕೆಲಸ ಮುಗಿಸಿತು. ಅಂದರೆ ಹೇಗ್‌ನಲ್ಲಿ ಈ ವಿಚಾರ ಮುಚ್ಚಿದ ಕಡತವಲ್ಲ.

ಕಾನೂನು ಬಿಟ್ಟರೂ ವಿಷ ಬಿಟ್ಟಿಲ್ಲ

ಇಲ್ಲಿ ಸಣ್ಣ ರೈತರಾದ ನಾವು ಒಂದು ಸೂಕ್ಷ್ಮ ಗಮನಿಸಬೇಕು. ವಿಜ್ಞಾನಿಗಳ ಮಾತು ನಿಂತಿರುವುದು ದೊಡ್ಡ ಗಿರಣಿಗಳ ಬಿಸಿಯ ಮೇಲೆ. ನಮ್ಮ ಅಜ್ಜಿಯರೂ ಹರಳು ಹುರಿದು, ಕುಟ್ಟಿ, ನೀರಲ್ಲಿ ಗಂಟೆಗಟ್ಟಲೆ ಕುದಿಸಿ ಎಣ್ಣೆ ತೆಗೆಯುತ್ತಿದ್ದರು. ಅಲ್ಲೂ ಬೇಯುತ್ತಿತ್ತು. ಬಿಸಿ ಮಾಡದೆ ಹಿಂಡಿದ ಗಾಣದ ಹಿಂಡಿಯಲ್ಲಿ ರಿಸಿನ್ ಹಾಗೇ ಉಳಿದಿರುತ್ತೆ. ಗಿರಣಿ ಹಿಂಡಿಯೂ ಎಲ್ಲಾ ಚೂರೂ ಸಮವಾಗಿ ಬೆಂದಿದೆ ಅಂತ ಕಣ್ಣಲ್ಲಿ ನೋಡಿ ಹೇಳಲಾಗದು. ಆದ್ದರಿಂದ ಹಿಂಡಿ ಎಲ್ಲಿಂದಲೇ ಬರಲಿ, ವಿಷ ಅಂತಲೇ ತಿಳಿದು ನಡೆಯುವುದು ಕ್ಷೇಮ.

ಹರಳು ಹಿಂಡಿ ಒಳ್ಳೆ ಗೊಬ್ಬರ, ಸಾರಜನಕ ನೂರಕ್ಕೆ ನಾಲ್ಕರ ಮೇಲಿದೆ. ಆದರೆ ಮೇವಿನ ಹಿಂಡಿ ಇಡುವ ಕೋಣೆಯಲ್ಲಿ ಇದನ್ನು ಇಡಬೇಡಿ. ಕತ್ತಲಲ್ಲಿ ಕೈಗೆ ಸಿಕ್ಕಿದ ಚೀಲವೇ ಕಲಗಚ್ಚಿಗೆ ಹೋದೀತು. ಚೀಲಕ್ಕೆ ಗುರುತು ಹಾಕಿ. ಹೊಲದ ಮೇಲೆ ಚೆಲ್ಲಿ ಬಿಡದೆ ಮಣ್ಣಿಗೆ ಸೇರಿಸಿ. ನಾಯಿ, ಕೋಳಿ, ಕುರಿ ಬಾಯಿ ಹಾಕುತ್ತವೆ. ಎರಚುವಾಗ ಮೂಗಿಗೆ ಬಟ್ಟೆ ಕಟ್ಟಿ. ಇದರ ದೂಳು ಕೆಲವರಿಗೆ ಉಬ್ಬಸ ತರುತ್ತೆ. ಹಿಂಡಿಯ ವಿಷ ತೆಗೆದು ದನಕ್ಕೆ ಹಾಕುವ ಬಗ್ಗೆ ಸಂಶೋಧನೆಗಳು ನಡೆದಿವೆ. ಆದರೆ ಅದು ಮನೆಯಲ್ಲಿ ಅಂದಾಜಿಗೆ ಮಾಡುವ ಕೆಲಸವಲ್ಲ.

ಮಕ್ಕಳ ವಿಷಯ ಎಲ್ಲಕ್ಕಿಂತ ಮುಖ್ಯ. ಬೀಜದ ಮೇಲಿನ ಚಿತ್ತಾರ ಮಕ್ಕಳನ್ನು ಎಳೆಯುತ್ತೆ. ಗಟ್ಟಿ ಸಿಪ್ಪೆಯ ಬೀಜ ಇಡಿಯಾಗಿ ನುಂಗಿದರೆ ಎಷ್ಟೋ ಸಲ ಹಾಗೇ ಹೊರಗೆ ಹೋಗಬಹುದು. ಅಗಿದು ತಿಂದರೆ ಅಪಾಯ ಬಹಳ. ವಾಂತಿ, ಭೇದಿ ಶುರುವಾಗಲು ಕೆಲವು ಗಂಟೆ ಬೇಕು. ಏನೂ ಆಗಿಲ್ಲವಲ್ಲ ಅಂತ ಕಾಯಬೇಡಿ. ಈ ವಿಷಕ್ಕೆ ಸುಲಭಕ್ಕೆ ಸಿಗುವ ಮದ್ದು ಇಲ್ಲ. ವೈದ್ಯರು ನೀರು, ಲವಣ ಕೊಟ್ಟು ಜೀವ ಹಿಡಿದಿಡಬೇಕು ಅಷ್ಟೆ. ಅಗಿದದ್ದು ಇಡಿಯದ್ದೋ ಅಂತ ವಿಚಾರಿಸುತ್ತಾ ಕೂರದೆ, ತಿಂದ ಬೀಜದ ಮಾದರಿ ಕೈಲಿ ಹಿಡಿದು ಕೂಡಲೇ ಆಸ್ಪತ್ರೆಗೆ ಹೊರಡಿ.

ಹರಳು ಬಿತ್ತಲು ಹೆದರಬೇಕಾದ್ದಿಲ್ಲ. ದೇಶಗಳ ಮಟ್ಟದ ಬೇಲಿಯನ್ನು ವಿಜ್ಞಾನಿಗಳು ಗುರುತಿಸಿ ಕೊಟ್ಟಿದ್ದಾರೆ. ನಮ್ಮ ಕೊಟ್ಟಿಗೆಗೂ ಹಿಂಡಿ ಚೀಲಕ್ಕೂ ನಡುವಿನ ಬೇಲಿಯನ್ನು ನಾವೇ ಹಾಕಿಕೊಳ್ಳಬೇಕು.