ಜಾಕೆಟ್ಟಿನ ಒಳಮಗ್ಗುಲು

ಹಿಮವನ್ನೇ ಕಾಣದ ಪೀಣ್ಯದವನಿಗೆ, ಹಿಮದ ಮೇಲೆ ಜಾರಿ ಆಡುವವರ ಸ್ಕೀ ಜಾಕೆಟ್ಟಿನ ಗೊಡವೆ ಏಕೆಂದು ವಾಚಕರು ನಗಬಹುದು. ನನ್ನ ತಂದೆ ಇಲ್ಲಿಯ ಕಾರ್ಖಾನೆಯೊಂದರಲ್ಲಿ ರಾತ್ರಿ ಪಾಳಿಯ ಕಾವಲುಗಾರರು. ಸೈಕಲ್ಲಿನಲ್ಲಿ ಹೋಗಿ ಬರುವವರು. ಹೋದ ಮಳೆಗಾಲದಲ್ಲಿ ನೆನೆದು ಎದೆಯಲ್ಲಿ ಕಫ ಕಟ್ಟಿ, ಹನ್ನೆರಡು ದಿನ ಸಂಬಳವಿಲ್ಲದೆ ಮಲಗಿದರು. ವಿದ್ಯಾರ್ಥಿವೇತನ ಕೈಗೆ ಬಂದೊಡನೆ, ಗಾರ್ಮೆಂಟ್ಸಿನಲ್ಲಿ ಹೊಲಿಯುವ ತಾಯಿಯನ್ನು ಕರೆದುಕೊಂಡು ಎಕ್ಸ್‌ಪೋರ್ಟ್ ಸರ್‌ಪ್ಲಸ್ ಮಾರುವ ಅಂಗಡಿಗೆ ಹೋದೆ. ಹೊರದೇಶಕ್ಕೆಂದು ಹೊಲಿದ ಸ್ಕೀ ಜಾಕೆಟ್ಟುಗಳು ಅಲ್ಲಿ ಅಗ್ಗವಾಗಿ ತೂಗಾಡುತ್ತಿದ್ದವು.

ನಾನು ದಪ್ಪನೆಯದೊಂದನ್ನು ಎತ್ತಿಕೊಂಡೆ. ಅಮ್ಮ ಅದನ್ನು ತಿರುವಿಹಾಕಿ ಒಳಮಗ್ಗುಲು ನೋಡಿದಳು. “ಸೂಜಿ ಹೋದ ಕಡೆಯೆಲ್ಲ ತೂತು ಕಣೋ. ಬಟ್ಟೆ ನೀರು ತಡೆದರೇನು, ತೂತು ಬಿಟ್ಟೀತೆ?” ಒಳ್ಳೆಯ ಜಾಕೆಟ್ಟಿನಲ್ಲಿ ಹೊಲಿಗೆಯ ಮೇಲೆ ಒಳಗಿನಿಂದ ಬಿಸಿಯಲ್ಲಿ ಒತ್ತಿ ಅಂಟಿಸಿದ ಪಟ್ಟಿ ಇರುತ್ತದೆ. ನಾನು ಹಿಡಿದದ್ದರಲ್ಲಿ ಅದಿರಲಿಲ್ಲ.

ಮಳೆಯನ್ನು ತಡೆಯುವುದು ಹಳೆಯ ವಿದ್ಯೆ. ಸ್ಕಾಟ್ಲೆಂಡಿನ ಮ್ಯಾಕಿಂತೋಷನು 1823ರಲ್ಲಿಯೇ ಎರಡು ಬಟ್ಟೆಗಳ ನಡುವೆ ರಬ್ಬರು ಸೇರಿಸುವ ಕ್ರಮಕ್ಕೆ ಪೇಟೆಂಟು ಪಡೆದನು. ಆದರೆ ರಬ್ಬರು ಬೆವರನ್ನೂ ಹೊರಕ್ಕೆ ಬಿಡದು. ಪೆಡಲು ತುಳಿಯುವವನು ಮಳೆಯಲ್ಲಿ ನೆನೆಯದಿದ್ದರೂ ಬೆವರಿನಲ್ಲಿ ನೆನೆಯುತ್ತಾನೆ. 1969ರಲ್ಲಿ ಅಮೆರಿಕದ ಬಾಬ್ ಗೋರ್ ಎಂಬಾತನು ಟೆಫ್ಲಾನಿನ ಜಾತಿಯ ವಸ್ತುವನ್ನು ಥಟ್ಟನೆ ಎಳೆದು ಹಿಗ್ಗಿಸಿದಾಗ ಅದರಲ್ಲಿ ಅತಿ ಸೂಕ್ಷ್ಮವಾದ ರಂಧ್ರಗಳು ಉಂಟಾದವು. ಮಳೆಹನಿ ಅವುಗಳಲ್ಲಿ ತೂರದು, ಬೆವರಿನ ಆವಿ ತೂರುತ್ತದೆ. ಇಂಥ ಬಟ್ಟೆಗಳ ಚೀಟಿಯಲ್ಲಿ 10,000 ಮಿಲಿಮೀಟರ್ ಎಂದಿದ್ದರೆ, ಪರೀಕ್ಷೆಯಲ್ಲಿ ಹತ್ತು ಮೀಟರ್ ಎತ್ತರದ ನೀರಿನ ಒತ್ತಡವನ್ನು ಅದು ತಡೆಯಿತೆಂದು ಅರ್ಥ.

ಇನ್ನು ಬೆಚ್ಚಗಿಡುವುದು ದಪ್ಪವಲ್ಲ, ಎಳೆಗಳ ನಡುವೆ ಅಲುಗದೆ ನಿಂತ ಗಾಳಿ. ಗುಲ್ಮಾರ್ಗದ ಹಿಮಕ್ಕೆ ಒಳಗೆ ಹತ್ತಿಯಂತೆ ತುಂಬಿದ ಜಾಕೆಟ್ಟು ಬೇಕಾದೀತು. ನಮ್ಮ ಊರಿನ ಚಳಿಗೆ ತೆಳುವಾದ ಹೊರಜಾಕೆಟ್ಟು, ಅದರೊಳಗೆ ಉಣ್ಣೆಯ ಸ್ವೆಟರು ಸಾಕು. ಸೆಕೆಯಾದರೆ ಸ್ವೆಟರು ತೆಗೆಯಬಹುದು. ಉಣ್ಣೆ ಒದ್ದೆಯಾದರೂ ಬೆಚ್ಚಗಿರುತ್ತದೆಂಬುದು ಕಂಬಳಿ ಹೊದ್ದು ಕುರಿ ಕಾಯ್ದ ನಮ್ಮ ತಾತನಿಗೂ ಗೊತ್ತಿತ್ತು.

ಅಮ್ಮ ನನಗೇ ತೊಡಿಸಿ, ಹ್ಯಾಂಡಲು ಹಿಡಿದಂತೆ ಕೈ ಚಾಚಿ ಬಾಗಿ ನಿಲ್ಲೆಂದಳು. ಎರಡು ಜಾಕೆಟ್ಟುಗಳಲ್ಲಿ ಮಣಿಕಟ್ಟು, ಸೊಂಟ ಬಯಲಾದವು. ಮೂರನೆಯದು ಸರಿಹೋಯಿತು; ಜಿಪ್ಪಿನ ಮೇಲೆ ಮುಚ್ಚುಪಟ್ಟಿಯೂ ಇತ್ತು. ಬಣ್ಣ ಮಾತ್ರ ಕೆಸರಿನದು.

ಮೊದಲ ಮಳೆಯ ರಾತ್ರಿ ಕಳೆದು ತಂದೆ ಮನೆಗೆ ಬಂದಾಗ ಅಮ್ಮ ಅವರನ್ನು ಮಾತನಾಡಿಸಲಿಲ್ಲ. ನೇರವಾಗಿ ತೋಳಿನೊಳಗೆ ಕೈ ಹಾಕಿ ನೋಡಿದಳು. “ಒಣಗೇ ಇದೆ” ಎಂದಳು. ಆಮೇಲೆ ಬೆಳಕಿಗೆ ಹಿಡಿದು, “ಈ ಕಾಲರು ಯಾರು ಹೊಲಿದರೋ, ಓರೆಯಾಗಿದೆ” ಎಂದಳು.