ಮರಳಿನ ಜಮಾಖರ್ಚು

ನದಿಯೆಂದರೆ ಹರಿಯುವ ನೀರೆಂದೇ ನಾವು ಬಗೆಯುತ್ತೇವೆ. ಅದರ ತಳವೂ ಹರಿಯುತ್ತದೆ, ಕಾಳುಕಾಳಾಗಿ. ಮಳೆಗಾಲಕ್ಕೆ ಮುಂಚೆ ಮೊಣಕಾಲುದ್ದ ನೀರಿದ್ದಲ್ಲಿ ಆಮೇಲೆ ಆಳು ಮುಳುಗುವ ಮಡು ಬಿದ್ದಿರುವುದನ್ನು ಹೊಳೆಬದಿಯವರೆಲ್ಲ ಬಲ್ಲರು. ಕಡಲ್ಕೊರೆತವೆಂದರೇನೆಂದು ಉಳ್ಳಾಲದ ಮೀನುಗಾರರಿಗೆ ನಾನು ಹೇಳಬೇಕಾಗಿಲ್ಲ. ಈ ಚಲನೆಯನ್ನು ಗಣಕಯಂತ್ರವು ಮುಂಗಂಡು ಹೇಳಬಲ್ಲುದೇ ಎಂಬುದು ಇಂದಿನ ಮಾತು.

ಲೆಕ್ಕದ ತಿರುಳು ಅಂಗಡಿಯ ಖಾತೆಗಿಂತ ಕಠಿಣವಲ್ಲ. ನೀರಿನಡಿಯ ನೆಲವನ್ನು ಚಿಕ್ಕ ಚಿಕ್ಕ ಚೌಕಗಳಾಗಿ ವಿಂಗಡಿಸುತ್ತಾರೆ. ಒಂದು ಚೌಕಕ್ಕೆ ಬಂದ ಮರಳು ಹೋದ ಮರಳಿಗಿಂತ ಹೆಚ್ಚಾದರೆ ತಳ ಏರುತ್ತದೆ, ಕಡಿಮೆಯಾದರೆ ತಗ್ಗುತ್ತದೆ. ತಳ ಬದಲಾದೊಡನೆ ನೀರಿನ ಹರಿವೂ ಬದಲಾಗುವುದರಿಂದ ಮತ್ತೆ ಮೊದಲಿನಿಂದ ಎಣಿಸಬೇಕು. ಆಸ್ಟ್ರಿಯದ ಹವಾಮಾನ ಶಾಸ್ತ್ರಜ್ಞ ಫೆಲಿಕ್ಸ್ ಎಕ್ಸ್‌ನರ್ ಈ ಜಮಾಖರ್ಚನ್ನು 1920ರ ದಶಕದಲ್ಲೇ ಸಮೀಕರಣವಾಗಿ ಬರೆದಿಟ್ಟರು.

ತೊಡಕಿರುವುದು, ಹೋದ ಮರಳು ಎಷ್ಟೆಂಬಲ್ಲಿ. ನೀರಿನ ವೇಗ ಇಮ್ಮಡಿಯಾದರೆ ಅದು ಹೊರುವ ಮರಳು 8 ಮಡಿ, ಕೆಲವು ಸೂತ್ರಗಳ ಪ್ರಕಾರ 32 ಮಡಿ ಆಗುತ್ತದೆ. ವೇಗದ ಅಂದಾಜು ಹತ್ತರಲ್ಲೊಂದು ಪಾಲು ತಪ್ಪಿದರೆ ಮರಳಿನ ಲೆಕ್ಕ ಅರ್ಧಕ್ಕೂ ಮಿಗಿಲಾಗಿ ತಪ್ಪಬಹುದು. ಆಲ್ಬರ್ಟ್ ಐನ್‌ಸ್ಟೈನರ ಮಗ ಹಾನ್ಸ್ ಆಲ್ಬರ್ಟ್ ತಮ್ಮ ಬಾಳನ್ನೆಲ್ಲ ಈ ಮರಳಿಗೇ ಮುಡಿಪಿಟ್ಟವರು. 1950ರಲ್ಲಿ ಅವರು ಪ್ರಕಟಿಸಿದ ಸೂತ್ರವು, ಕಾಳೊಂದು ತಳ ಬಿಟ್ಟೇಳುವುದನ್ನು ನಿಶ್ಚಯದ ಮಾತಾಗಿ ಅಲ್ಲ, ಸಂಭವದ ಮಾತಾಗಿ ಕಂಡಿತು.

ಕಾಲದ ತೊಡಕೂ ಉಂಟು. ಉಬ್ಬರವಿಳಿತ ಗಂಟೆಗಳ ವ್ಯವಹಾರ. ತೀರದ ರೂಪ ವರ್ಷಗಳದು. ಅದಕ್ಕಾಗಿ, ಪ್ರತಿ ಹೆಜ್ಜೆಯಲ್ಲೂ ತಳದಲ್ಲಾದ ಬದಲಾವಣೆಯನ್ನು ಹತ್ತರಿಂದಲೋ ನೂರರಿಂದಲೋ ಗುಣಿಸಿ, ಒಂದು ದಿನದ ಲೆಕ್ಕದಲ್ಲಿ ಹಲವು ವಾರಗಳನ್ನು ದಾಟುತ್ತಾರೆ. ಜಾಣ ಉಪಾಯವೇ. ಆದರೆ ಒಂದು ರಾತ್ರಿಯ ಬಿರುಗಾಳಿಯನ್ನು ಹೀಗೆ ಹಿಗ್ಗಿಸಿದರೆ ಲೆಕ್ಕ ದಾರಿ ತಪ್ಪೀತು.

ನೆದರ್ಲೆಂಡ್ಸಿನವರು 2011ರಲ್ಲಿ ಹೇಗ್ ನಗರದ ಬಳಿ ಸುಮಾರು 2 ಕೋಟಿ ಘನ ಮೀಟರ್ ಮರಳನ್ನು ಕಡಲಂಚಿಗೆ ಸುರಿದು ಕೊಕ್ಕೆಯಾಕಾರದ ನೆಲವನ್ನೇ ಮಾಡಿದರು. ಅಲೆಗಳೇ ಅದನ್ನು ಇಕ್ಕೆಲಕ್ಕೂ ಹಂಚಲಿ ಎಂಬುದು ಅವರ ಎಣಿಕೆ. ಆಕಾರವನ್ನು ಮೊದಲು ಗಣಕಯಂತ್ರದಲ್ಲಿ ಪರೀಕ್ಷಿಸಿ, ಆಯುಸ್ಸು ಸುಮಾರು 20 ವರ್ಷವೆಂದು ಅಂದಾಜಿಸಿದ್ದರು. ಆಮೇಲಿನ ಅಳತೆಗಳನ್ನು ನೋಡಿದರೆ ಅದು ಇನ್ನೂ ಹೆಚ್ಚು ಕಾಲ ಉಳಿಯುವಂತಿದೆ. ಅಂದಾಜು ಹೀಗೆ ಸಡಿಲವಾದದ್ದು ಗೊತ್ತಾದದ್ದು, ಅವರು ಅಳೆಯುವುದನ್ನು ಬಿಡದೆ ನಡೆಸಿದ್ದರಿಂದ. ಯಂತ್ರಕ್ಕಿಂತ ಆ ತಾಳ್ಮೆಯೇ ನನಗೆ ಹೆಚ್ಚು ಮೆಚ್ಚಿಕೆ.

ನಮ್ಮ ಕರಾವಳಿಯಲ್ಲಿ ಕಡಲಿಗೆ ಅಡ್ಡವಾಗಿ ಕಲ್ಲಿನ ದಿಬ್ಬ ಚಾಚುವ ಮುನ್ನ ಇಂಥ ಲೆಕ್ಕ ಹಾಕಲೇಬೇಕು. ದಿಬ್ಬದ ಒಂದು ಮಗ್ಗುಲಲ್ಲಿ ನಿಂತ ಮರಳು ಇನ್ನೊಂದು ಮಗ್ಗುಲಿನ ಊರಿಗೆ ಸೇರಬೇಕಾದದ್ದು. ಅದು ತಪ್ಪಿದರೆ ಆ ಊರಿನ ಮನೆಗಳ ಬುಡಕ್ಕೇ ಅಲೆ ಬರುತ್ತದೆ. ಆದರೆ ಲೆಕ್ಕಕ್ಕೆ ಬೇಕಾದ ಆಳವನ್ನು ಅಳೆಯುವ ಚಿಕ್ಕ ದೋಣಿಗಳು ಮುಂಗಾರಿನ ಅಬ್ಬರದಲ್ಲಿ ಕಡಲಿಗಿಳಿಯಲಾರವು. ತಳ ಅತಿ ಹೆಚ್ಚು ಕದಲುವುದು ಆಗಲೇ.